ಹಳೆ ಡೆಸ್ಕ್‌ಟಾಪ್‌ನ ರ‍್ಯಾಮ್ ವೇಗ ಏರಿಸುವುದು: ಫೈಲು ಕೆಡಬಾರದು, ಏಪ್ರಿಲ್ ಬಿಸಿಲಲ್ಲೂ ನಿಲ್ಲಬೇಕು

ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ, ಭೀಮಸಮುದ್ರದ ಅಡಿಕೆ ಮಂಡಿಗಳಲ್ಲಿ, ಹುಡುಗರ ಹಾಸ್ಟೆಲ್ ರೂಮುಗಳಲ್ಲಿ 2011ರಿಂದ 2015ರೊಳಗೆ ಕೊಂಡ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಬಹುಪಾಲು ಡಿಡಿಆರ್3 ಎಂಬ ಹಳೆ ತಲೆಮಾರಿನ ರ‍್ಯಾಮ್‌ನವು. ಇವುಗಳ ರ‍್ಯಾಮ್ ವೇಗ ಏರಿಸಬಹುದು. ಸುಟ್ಟುಹೋದೀತೆಂದು ಎಲ್ಲರೂ ಹೆದರುತ್ತಾರೆ. ವೋಲ್ಟೇಜ್ ಮಿತಿಯಲ್ಲಿದ್ದರೆ ರ‍್ಯಾಮ್ ಸುಡುವುದು ತೀರಾ ಅಪರೂಪ. ಹೆದರಬೇಕಾದ ಸಂಗತಿ ಬೇರೆ ಇದೆ. ಮಷಿನ್ ಚೆನ್ನಾಗೇ ನಡೆಯುತ್ತಿರುತ್ತದೆ, ಒಳಗೆಲ್ಲೋ ಒಂದು ಬಿಟ್ ತಿರುಗಿಬಿಡುತ್ತದೆ, ಆ ತಪ್ಪು ಸಮೇತ ನಿಮ್ಮ ಲೆಕ್ಕದ ಫೈಲು ಹಾರ್ಡ್‌ಡಿಸ್ಕ್‌ಗೆ ಹೋಗಿ ಕೂರುತ್ತದೆ. ತಿಂಗಳು ಕಳೆದು ತೆರೆದಾಗ ಫೈಲು ತೆರೆಯುವುದಿಲ್ಲ. ಅದಕ್ಕೇ ಈ ಕೆಲಸದಲ್ಲಿ ಬಯೋಸ್ (ಮಷಿನ್ ಏಳುವಾಗ ತೆರೆಯುವ ಸೆಟ್ಟಿಂಗ್ ಪುಟ) ಮುಂದೆ ಕೂರುವುದು ಹತ್ತು ನಿಮಿಷ, ಪರೀಕ್ಷೆಗೆ ಎರಡು ದಿನ. ಎರಡು ದಿನ ಮಷಿನ್ ಬಿಡಲಾಗದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಓವರ್‌ಕ್ಲಾಕ್‌ಗೂ, ಅಂದರೆ ವೇಗ ಏರಿಸುವುದಕ್ಕೂ, ಮೊದಲು ಕ್ಯಾಬಿನೆಟ್ ತೆರೆದು ಎಷ್ಟು ಸ್ಟಿಕ್ ಇವೆ ನೋಡಿ. ಒಂದೇ ಇದ್ದರೆ ಅದೇ ಸೈಜಿನ, ಅದೇ ವೇಗದ ಇನ್ನೊಂದನ್ನು ಹಾಕುವುದೇ ದೊಡ್ಡ ಲಾಭ. ವೇಗದ ಸಂಖ್ಯೆ 1333 ಇರುವ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 10.6 ಜಿಬಿ ಸಾಗಿಸಬಲ್ಲದು. ಎರಡು ಸ್ಟಿಕ್ ಡ್ಯುಯಲ್ ಚಾನೆಲ್‌ನಲ್ಲಿ (ಎರಡು ದಾರಿಯಲ್ಲಿ ಒಟ್ಟಿಗೆ ಸಾಗಿಸುವಂತೆ) ಕೂತರೆ 21.3 ಜಿಬಿ. ಯಾವ ಓವರ್‌ಕ್ಲಾಕ್ ಕೂಡ ಇಷ್ಟು ಕೊಡುವುದಿಲ್ಲ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಯಾವ ಜೋಡಿ ಎಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ; ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ಸ್ಲಾಟ್. ಹಾಕಿದ ಮೇಲೆ ಸಿಪಿಯು-ಝಡ್ ಎಂಬ ತಂತ್ರಾಂಶದ ಮೆಮೊರಿ ಪುಟದಲ್ಲಿ ‘ಡ್ಯುಯಲ್’ ಎಂದು ಬಂದಿದೆಯೇ ನೋಡಿ.

ನಿಮ್ಮ ಬೋರ್ಡು ಎಷ್ಟಕ್ಕೆ ಬಿಡುತ್ತದೆ ಎಂಬುದು ಮುಂದಿನ ಪ್ರಶ್ನೆ. ಝಡ್77, ಝಡ್87, ಝಡ್97 ಚಿಪ್‌ಸೆಟ್‌ಗಳಲ್ಲಿ (ಬೋರ್ಡಿನ ಮುಖ್ಯ ಚಿಪ್) ರ‍್ಯಾಮ್ ವೇಗ 1600 ದಾಟಿಸಬಹುದು. ಎಚ್61, ಎಚ್81, ಬಿ85 ಇದ್ದರೆ ಪ್ರೊಸೆಸರ್‌ನ ಅಧಿಕೃತ ಮಿತಿಗೇ ನಿಲ್ಲುವುದು ರೂಢಿ: ಐ5-2400ಕ್ಕೆ 1333, ಐ3-3220 ಮತ್ತು ಐ3-4130ಕ್ಕೆ 1600, ಪೆಂಟಿಯಂ ಜಿ3220ಕ್ಕೆ 1333. ಅಂಥ ಬೋರ್ಡಿನಲ್ಲಿ ವೇಗದ ಗೊಡವೆ ಬಿಟ್ಟು ಟೈಮಿಂಗ್, ಅಂದರೆ ಕೆಲಸಗಳ ನಡುವೆ ಕಾಯುವ ಹೊತ್ತು, ಬಿಗಿ ಮಾಡುವುದಷ್ಟೇ ದಾರಿ. ಬ್ರಾಂಡೆಡ್ ಪಿಸಿಗಳ ಬಯೋಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಅಲ್ಲಿ ಎರಡನೇ ಸ್ಟಿಕ್ ಹಾಕಿ ಸುಮ್ಮನಾಗಿ. ಎಎಂಡಿ ಎಪಿಯು (ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್) ಇದ್ದವರಿಗೆ ಲಾಭ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಿಂದ ಉಣ್ಣುತ್ತದೆ. ಎ10-7850ಕೆ ಅಧಿಕೃತವಾಗಿಯೇ 2133ರ ರ‍್ಯಾಮ್ ಒಪ್ಪುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದು, ಟೈಪಿಂಗ್ ಮತ್ತು ಬ್ರೌಸಿಂಗ್ ಮಾತ್ರ ಮಾಡುವವರಿಗೆ ವ್ಯತ್ಯಾಸ ಕಣ್ಣಿಗೆ ಕಾಣುವುದೂ ಕಷ್ಟ. ಅವರು ಆ ಹಣ, ಸಮಯ ಎರಡನ್ನೂ ಎಸ್‌ಎಸ್‌ಡಿಗೆ ಹಾಕಲಿ.

ಕ್ಯಾಬಿನೆಟ್ ತೆರೆದಾಗಲೇ ಶುಚಿ ಮಾಡಿ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಸುತ್ತಮುತ್ತಲಿನ ಮಷಿನ್‌ಗಳಲ್ಲಿ ಬೂದಿ, ಹೊಟ್ಟಿನ ಧೂಳು ಎಣ್ಣೆಜಿಡ್ಡಿನ ಜೊತೆ ಸೇರಿ ಸ್ಲಾಟಿನೊಳಗೆ ಮೆತ್ತಿಕೊಂಡಿರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಚಿತ್ರದುರ್ಗದ ಒಣಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಬೇಗ ಕೂಡುತ್ತದೆ, ಹಾಗಾಗಿ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿಯೇ ಸ್ಟಿಕ್ ಹಿಡಿಯಿರಿ. ಟೆರಿಲಿನ್ ಅಂಗಿ ಬೇಡ. ಚಿನ್ನದ ಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ರಬ್ಬರ್‌ನಿಂದ ಉಜ್ಜುವ ಅಭ್ಯಾಸ ಎಲ್ಲ ಕಡೆ ಇದೆ. ಕಪ್ಪಾದ ಕಾಲಿಗೆ ಒಮ್ಮೆ ಹಗುರವಾಗಿ ಆಗಬಹುದು, ಪದೇ ಪದೇ ಉಜ್ಜಿದರೆ ಆ ತೆಳು ಲೇಪವೇ ಸವೆಯುತ್ತದೆ. ಸ್ಲಾಟಿಗೆ ಒಣಗಿದ ಮೆತ್ತನೆ ಬ್ರಷ್ ಸಾಕು, ಬಾಯಿಂದ ಊದಬೇಡಿ.

ಅರ್ಥಿಂಗ್ ನೋಡುವುದನ್ನು ಮರೆಯಬೇಡಿ. ಹಳೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ವೈರೇ ಇರುವುದಿಲ್ಲ. ಚಾಲೂ ಇರುವ ಕ್ಯಾಬಿನೆಟ್‌ಗೆ ಟೆಸ್ಟರ್ ಹಿಡಿದಾಗ ದೀಪ ಮಿಣುಕಿದರೆ, ಕೈ ಜುಮ್ಮೆಂದರೆ, ಅರ್ಥ್ ಇಲ್ಲವೆಂದೇ ಲೆಕ್ಕ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಎಸ್‌ಎಂಪಿಎಸ್ (ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ) ಕೂಡ ಗಟ್ಟಿ ಇರಬೇಕು: ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ 12 ವೋಲ್ಟ್ ಲೈನು 11.4ರಿಂದ 12.6ರೊಳಗೆ, 5 ವೋಲ್ಟ್ ಲೈನು 4.75ರಿಂದ 5.25ರೊಳಗೆ ನಿಲ್ಲಬೇಕು. ಭಾರ ಬಿದ್ದಾಗ ಇದಕ್ಕಿಂತ ಕೆಳಗಿಳಿದರೆ ರ‍್ಯಾಮ್‌ಗೆ ಕೈ ಹಚ್ಚಬೇಡಿ. ಮದರ್‌ಬೋರ್ಡ್ ಮೇಲೆ ತಲೆ ಉಬ್ಬಿದ ಕೆಪಾಸಿಟರ್ ಕಂಡರೂ ಇದೇ ಮಾತು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬಯೋಸ್ ಅಪ್‌ಡೇಟ್ ಮಾಡುವ ಯೋಚನೆಯೂ ಬೇಡ.

ಈಗ ಬರೆದಿಡುವ ಕೆಲಸ. ಸಿಪಿಯು-ಝಡ್‌ನ ಮೆಮೊರಿ ಮತ್ತು ಎಸ್‌ಪಿಡಿ (ಸ್ಟಿಕ್‌ನಲ್ಲೇ ಕಂಪನಿ ಬರೆದಿಟ್ಟ ವಿವರ) ಪುಟಗಳಲ್ಲಿರುವ ಸಂಖ್ಯೆಗಳನ್ನು ಕಾಗದದ ಮೇಲೆ ಇಳಿಸಿ. ಮೆಮೊರಿ ಪುಟ 800 ಮೆಗಾಹರ್ಟ್ಸ್ ತೋರಿಸಿದರೆ ಅದು 1600ರ ರ‍್ಯಾಮ್. ಅರ್ಧ ತೋರಿಸುವುದೇ ಸರಿ, ಗಾಬರಿ ಬೇಡ. ಫೈಲುಗಳ ಬ್ಯಾಕಪ್ ಬೇರೆ ಡಿಸ್ಕ್‌ಗೆ ಹಾಕಿ. ಆಮೇಲೆ ಯಾವ ಬದಲಾವಣೆಯನ್ನೂ ಮಾಡದೆ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಿಸಿ. ಇದು ಹಳೆ ಬಯೋಸ್, ಅದರ ಹೊಸ ರೂಪವಾದ ಯುಇಎಫ್‌ಐ ಎರಡರಲ್ಲೂ ಪೆನ್‌ಡ್ರೈವ್‌ನಿಂದ ಏಳುತ್ತದೆ. ಮೆಮ್‌ಟೆಸ್ಟ್86 ಎಂಬ ಇನ್ನೊಂದರ ಹೊಸ ಆವೃತ್ತಿಗಳಿಗೆ ಯುಇಎಫ್‌ಐ ಬೇಕೇ ಬೇಕು. ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲೇ ತಪ್ಪು ತೋರಿಸುವ ಕೆಂಪು ಸಾಲು ಬಂದರೆ ಆ ಸ್ಟಿಕ್ ಈಗಾಗಲೇ ಹಾಳಾಗಿದೆ, ಇಲ್ಲವೇ ಸ್ಲಾಟಿನಲ್ಲಿ ಕೊಳೆ ಇದೆ.

ಟೈಮಿಂಗ್ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಮುಂದಿನದೆಲ್ಲ ಸಲೀಸು. ಬಯೋಸ್‌ನ 11-11-11-28 ಎಂಬ ಸಂಖ್ಯೆಗಳು ಕ್ಲಾಕ್ ಎಣಿಕೆ. ಚಿಪ್‌ಗೆ ಬೇಕಾದುದು ನ್ಯಾನೊಸೆಕೆಂಡ್. ಮೊದಲನೆಯದಾದ ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ರ‍್ಯಾಮ್ ವೇಗದಿಂದ ಭಾಗಿಸಿ. 1600ರಲ್ಲಿ ಸಿಎಲ್ 11 ಅಂದರೆ 13.75 ನ್ಯಾನೊಸೆಕೆಂಡ್. 1866ರಲ್ಲಿ ಸಿಎಲ್ 13 ಅಂದರೆ 13.9. ಅಂದರೆ 1600ರ 11ನ್ನು 1866ರ 13ಕ್ಕೆ ಒಯ್ದಾಗ ಚಿಪ್ ಒಳಗಿನ ಕೆಲಸಕ್ಕೆ ಮೊದಲಿನಷ್ಟೇ ಸಮಯ ಸಿಗುತ್ತದೆ, ಸಾಗಣೆ ಮಾತ್ರ ವೇಗವಾಗುತ್ತದೆ. ವೇಗ ಏರಿಸಿ ಸಂಖ್ಯೆಯನ್ನು 11ರಲ್ಲೇ ಬಿಟ್ಟರೆ ಆ ಸಮಯ 11.8ಕ್ಕೆ ಇಳಿಯುತ್ತದೆ. ಮೊದಲ ಏಟಿಗೇ ಡಿಸ್‌ಪ್ಲೇ ಬಾರದಿರುವುದಕ್ಕೆ ಇದೇ ಸಾಮಾನ್ಯ ಕಾರಣ.

ಟಿಆರ್‌ಎಫ್‌ಸಿ ಎಂಬ ಇನ್ನೊಂದು ಟೈಮಿಂಗನ್ನು ಅನೇಕರು ಮರೆಯುತ್ತಾರೆ. ರ‍್ಯಾಮ್‌ನ ಪ್ರತಿ ಕೋಶವೂ ಸೋರುವ ಪುಟ್ಟ ಕೊಡದಂತೆ, ಆಗಾಗ ತುಂಬಿಸುತ್ತಿರಬೇಕು. ಆ ತುಂಬಿಸುವ ಹೊತ್ತೇ ಟಿಆರ್‌ಎಫ್‌ಸಿ. 2 ಗಿಗಾಬಿಟ್ ಚಿಪ್‌ಗೆ 160, 4 ಗಿಗಾಬಿಟ್ ಚಿಪ್‌ಗೆ 260 ನ್ಯಾನೊಸೆಕೆಂಡ್ ಎಂಬುದು ಡಿಡಿಆರ್3 ಮಾನದಂಡ. 4 ಗಿಗಾಬಿಟ್ ಚಿಪ್‌ನ ಸ್ಟಿಕ್‌ಗೆ 1600ರಲ್ಲಿ 208 ಕ್ಲಾಕ್, 1866ರಲ್ಲಿ 243, 2133ರಲ್ಲಿ 278. ವೇಗ ಏರಿಸುವಾಗ 208 ಹಾಗೇ ಉಳಿದರೆ ಕೊಡ ಅರ್ಧ ತುಂಬುವಷ್ಟರಲ್ಲಿ ನಲ್ಲಿ ನಿಲ್ಲಿಸಿದಂತೆ.

ಉದಾಹರಣೆಗೆ ಝಡ್77 ಬೋರ್ಡು, ಐ5-3570ಕೆ, 4 ಜಿಬಿಯ ಎರಡು 1600 ಸ್ಟಿಕ್, 11-11-11-28, 1.5 ವೋಲ್ಟ್ ಎಂದಿಟ್ಟುಕೊಳ್ಳಿ. ಸಾಟಾ ಕೇಬಲ್‌ಗಳನ್ನು ಡಿಸ್ಕ್‌ನಿಂದ ಕಿತ್ತಿಡಿ. ಅಸ್ಥಿರ ರ‍್ಯಾಮ್ ಜೊತೆ ವಿಂಡೋಸ್ ಎದ್ದರೆ ರಿಜಿಸ್ಟ್ರಿಯೇ ಕೆಡಬಹುದು. ಏಸುಸ್ ಬೋರ್ಡಿನಲ್ಲಿ ‘ಎಐ ಟ್ವೀಕರ್’, ಗಿಗಾಬೈಟ್‌ನಲ್ಲಿ ‘ಎಂಐಟಿ’, ಎಂಎಸ್‌ಐನಲ್ಲಿ ‘ಒಸಿ’ ಪುಟಕ್ಕೆ ಹೋಗಿ. ಸ್ಟಿಕ್‌ಗೆ ಎಕ್ಸ್‌ಎಂಪಿ (ಕಂಪನಿಯೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಇದ್ದರೆ ಅದನ್ನೇ ಆರಿಸಿ ನೇರ ಪರೀಕ್ಷೆಗೆ ಹೋಗಬಹುದು. ಇಲ್ಲದಿದ್ದರೆ ವೇಗ 1866, ಟೈಮಿಂಗ್ 13-13-13-34, ಕಮಾಂಡ್ ರೇಟ್ 2ಟಿ, ಟಿಆರ್‌ಎಫ್‌ಸಿ 250, ವೋಲ್ಟೇಜ್ 1.5. ಉಳಿದದ್ದೆಲ್ಲ ಆಟೊ. ಮೆಮ್‌ಟೆಸ್ಟ್ ಒಂದು ಸುತ್ತು ತಪ್ಪಿಲ್ಲದೆ ಮುಗಿದರೆ 12-13-13-34. ಅದೂ ನಿಂತರೆ 11-12-12-32. ಒಂದು ಸಲಕ್ಕೆ ಒಂದೇ ಮೆಟ್ಟಿಲು. ಎರಡು ಮೆಟ್ಟಿಲು ಒಟ್ಟಿಗೆ ಹಾರಿದರೆ ಯಾವುದು ಕೆಟ್ಟಿತೆಂದು ತಿಳಿಯುವುದಿಲ್ಲ. ತಪ್ಪು ಬಂದರೆ 1.525, ಆಮೇಲೆ 1.55 ವೋಲ್ಟ್ ಕೊಟ್ಟು ನೋಡಿ. ಆಗಲೂ ಬಂದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಸಾದಾ ಸ್ಟಿಕ್‌ಗಳಿಗೆ 2133ರ ಆಸೆ ಬೇಡ.

ಎಚ್61ನಲ್ಲಿ 1333ಕ್ಕೆ ಸಿಕ್ಕಿಕೊಂಡ 9-9-9-24 ಇದ್ದರೆ 8-9-9-24, ಆಮೇಲೆ 8-8-8-22. ಸಿಎಲ್ 13.5 ನ್ಯಾನೊಸೆಕೆಂಡ್‌ನಿಂದ 12ಕ್ಕೆ ಬರುತ್ತದೆ. 1600ರ ಸ್ಟಿಕ್ 1333ರಲ್ಲಿ ಓಡುತ್ತಿದ್ದರೆ ಇದು ವೋಲ್ಟೇಜ್ ಏರಿಸದೆಯೇ ನಿಲ್ಲುವ ಸಾಧ್ಯತೆ ಹೆಚ್ಚು.

ವೋಲ್ಟೇಜ್ ವಿಷಯದಲ್ಲಿ ಒಂದೇ ಗೆರೆ ಹಾಕಿಕೊಳ್ಳಿ. ಡಿಡಿಆರ್3 ಮಾನದಂಡ 1.5, ಅದರ ಮೇಲೆ ಶೇ 5 ಸೇರಿದರೆ 1.575. ದಿನವಿಡೀ ದುಡಿಯುವ ಮಷಿನ್ ಅಲ್ಲಿಗೇ ನಿಲ್ಲಲಿ. 1.65 ಎಂದು ಸ್ಟಿಕ್ ಮೇಲೇ ಅಚ್ಚಾಗಿರುವ ಗೇಮಿಂಗ್ ರ‍್ಯಾಮ್ ಮಾತು ಬೇರೆ. 6ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಜೊತೆ ಡಿಡಿಆರ್3ಎಲ್ ಹಾಕಿದ್ದರೆ 1.35 ದಾಟಲೇಬಾರದು, ಅಲ್ಲಿ ಪೆಟ್ಟು ಬೀಳುವುದು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ. ಬಿಸಿಎಲ್‌ಕೆ (ಬೋರ್ಡಿನ ಮೂಲ ಕ್ಲಾಕ್) ಎಂಬ 100ರ ಸಂಖ್ಯೆ ಕಂಡರೆ ಮುಟ್ಟಬೇಡಿ. ಇಂಟೆಲ್‌ನ 2, 3ನೇ ತಲೆಮಾರಿನಲ್ಲಿ ಅದಕ್ಕೆ ಕಾರ್ಡುಗಳ ಪಿಸಿಐಇ, ಡಿಸ್ಕ್‌ನ ಸಾಟಾ ಎರಡೂ ಕಟ್ಟಿಕೊಂಡಿರುತ್ತವೆ. ನಾಲ್ಕೈದು ಅಂಕಿ ಏರಿಸಿದರೂ ಡಿಸ್ಕ್‌ನ ಡೇಟಾ ಕೆಡಬಹುದು.

ಇನ್ನು ನಿಜವಾದ ಪರೀಕ್ಷೆ. ಸಿದ್ಧವಾದ ಸೆಟ್ಟಿಂಗ್‌ಗೆ ಮೆಮ್‌ಟೆಸ್ಟ್86+ ಕನಿಷ್ಠ ನಾಲ್ಕು ಸುತ್ತು. ಒಂದೇ ಒಂದು ತಪ್ಪು ಬಂದರೂ ಫೇಲ್. ‘ಒಂದೇ ತಾನೆ’ ಎನ್ನುವ ರಿಯಾಯಿತಿ ಇಲ್ಲ. ಮೆಮ್‌ಟೆಸ್ಟ್86ನ 13ನೇ ಪರೀಕ್ಷೆ ಮಾತ್ರ ಬೇರೆ: ಅದು ರೋಹ್ಯಾಮರ್ ಪರೀಕ್ಷೆ (ಒಂದೇ ಸಾಲನ್ನು ಪದೇ ಪದೇ ಓದಿ ಪಕ್ಕದ ಸಾಲಿನ ಬಿಟ್ ತಿರುಗುತ್ತದೆಯೇ ನೋಡುವುದು), ಡಿಡಿಆರ್3 ಸ್ಟಿಕ್‌ಗಳು ಫ್ಯಾಕ್ಟರಿ ವೇಗದಲ್ಲೂ ಅದರಲ್ಲಿ ಸೋಲುವುದುಂಟು. ಇದಾದ ಮೇಲೆ ಸಾಟಾ ಕೇಬಲ್ ಹಾಕಿ, ವಿಂಡೋಸ್‌ನಲ್ಲಿ ಪ್ರೈಮ್95 ಎಂಬ ತಂತ್ರಾಂಶದ ‘ಬ್ಲೆಂಡ್’ ಪರೀಕ್ಷೆ ಆರು ಗಂಟೆ ಓಡಲಿ. ‘ರೌಂಡಿಂಗ್’ ಎಂದು ದೂರುವ ಸಾಲು ಬಂದು ಒಂದು ವರ್ಕರ್ ನಿಂತರೆ ಫೇಲ್. ಕೊನೆಗೆ ನಾಲ್ಕೈದು ಜಿಬಿಯ ಫೈಲೊಂದನ್ನು 7-ಝಿಪ್‌ನಲ್ಲಿ ಕಟ್ಟಿ ‘ಟೆಸ್ಟ್ ಆರ್ಕೈವ್’ ಒತ್ತಿ, ಹತ್ತು ಸಲ. ಒಮ್ಮೆ ಸಿಆರ್‌ಸಿ ತಪ್ಪು (ಫೈಲಿನ ತಾಳೆ ಲೆಕ್ಕ ತಪ್ಪಿದೆ ಎಂಬ ಸೂಚನೆ) ಬಂದರೂ ಸೆಟ್ಟಿಂಗ್ ಸಡಿಲಿಸಿ.

ಪರೀಕ್ಷೆಯ ಹೊತ್ತೂ ಮುಖ್ಯ. ಬಿಸಿಯಾದಷ್ಟೂ ರ‍್ಯಾಮ್ ಕೋಶ ಬೇಗ ಸೋರುತ್ತದೆ. ಚಿಪ್ 85 ಡಿಗ್ರಿ ದಾಟಿದರೆ 64 ಮಿಲಿಸೆಕೆಂಡ್‌ಗೊಮ್ಮೆ ಇದ್ದ ರಿಫ್ರೆಶ್ 32ಕ್ಕೊಮ್ಮೆ ಆಗಬೇಕೆಂದು ಮಾನದಂಡವೇ ಹೇಳುತ್ತದೆ. ಡಿಸೆಂಬರ್ ನಸುಕಿನಲ್ಲಿ ಪಾಸಾದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ತಗಡಿನ ಛಾವಣಿ ಕೆಳಗೆ ಬಿದ್ದುಹೋಗುವುದು ಇದಕ್ಕೇ. ಚಳಿಗಾಲದಲ್ಲಿ ಮಾಡುವವರು ಕ್ಯಾಬಿನೆಟ್ ಬಾಗಿಲು ಮುಚ್ಚಿ, ಸೀಲಿಂಗ್ ಫ್ಯಾನ್ ಆರಿಸಿ, ಮಧ್ಯಾಹ್ನವೇ ಪರೀಕ್ಷಿಸಿ. ಪಾಸಾದ ಮೇಲೂ ಒಂದು ಮೆಟ್ಟಿಲು ಸಡಿಲ ಇಟ್ಟುಕೊಳ್ಳಿ. ಟಿಆರ್‌ಇಎಫ್‌ಐ (ಎರಡು ರಿಫ್ರೆಶ್‌ಗಳ ನಡುವಿನ ಅಂತರ) ಏರಿಸಿದರೆ ವೇಗ ಹೆಚ್ಚುತ್ತದೆ ಎನ್ನುವವರಿದ್ದಾರೆ. ಹೌದು, ಹೆಚ್ಚುತ್ತದೆ; ನಮ್ಮ ಬಿಸಿಲಿಗೆ ಅದು ಬೇಡ. ಪರೀಕ್ಷೆ ನಡುವೆ ಸ್ಟಿಕ್‌ಗೆ ಬೆರಳು ಹಚ್ಚಿ. ಐದು ಸೆಕೆಂಡ್ ತಡೆಯಲಾಗದಿದ್ದರೆ 120 ಮಿಲಿಮೀಟರ್ ಫ್ಯಾನೊಂದನ್ನು ಟೈ ಹಾಕಿ ರ‍್ಯಾಮ್ ಕಡೆ ಮುಖ ಮಾಡಿ ಕಟ್ಟಿ.

ಮಷಿನ್ ಏಳಲೇ ಇಲ್ಲವೇ? ಬೀಪ್ ಹೊಡೆಯುತ್ತಲೇ ಇದ್ದರೆ, ಆನ್-ಆಫ್ ಆಗುತ್ತಿದ್ದರೆ ಎರಡು ನಿಮಿಷ ಬಿಡಿ. ಹಲವು ಬೋರ್ಡುಗಳು ಮೂರು ಸಲ ಸೋತ ಮೇಲೆ ತಾವೇ ಹಳೆ ಸೆಟ್ಟಿಂಗ್‌ಗೆ ಮರಳುತ್ತವೆ. ಮರಳದಿದ್ದರೆ ಪ್ಲಗ್ ಕಿತ್ತು, ಸಿಆರ್2032 ಸೆಲ್ ತೆಗೆದು, ಸಿಮಾಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಜಾಗ) ಅಳಿಸುವ ಜಂಪರ್ ಪಿನ್‌ಗಳನ್ನು ಹತ್ತು ಸೆಕೆಂಡ್ ಕೂಡಿಸಿ. ಜಂಪರ್ ಕಾಣದಿದ್ದರೆ ಸೆಲ್ ಇಲ್ಲದೆ ಐದು ನಿಮಿಷ ಬಿಟ್ಟರೂ ಆಗುತ್ತದೆ. ಆಮೇಲೂ ಏಳದಿದ್ದರೆ ಒಂದೇ ಸ್ಟಿಕ್ ಹಾಕಿ ನೋಡಿ. ತಿಂಗಳುಗಟ್ಟಲೆ ನೆಟ್ಟಗಿದ್ದು ಆಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ನೀಲಿ ತೆರೆ ಬಂದರೆ ವಿಂಡೋಸ್ ಹೊಸದಾಗಿ ಹಾಕಲು ಓಡಬೇಡಿ. ಮೊದಲು ರ‍್ಯಾಮ್ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಇಳಿಸಿ ಎರಡು ದಿನ ನೋಡಿ.

ಹತ್ತು ವರ್ಷದ ಬೋರ್ಡಿನ ಸಿಮಾಸ್ ಸೆಲ್ ಇಂದೋ ನಾಳೆಯೋ ಎಂದಿರುತ್ತದೆ. ಮೀಟರ್‌ನಲ್ಲಿ 2.8 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಈಗಲೇ ಬದಲಿಸಿ, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ನೀವು ಹಾಕಿದ ಸಂಖ್ಯೆಗಳೆಲ್ಲ ಅಳಿಸಿಹೋಗಿ ಗಡಿಯಾರ ಹಳೆ ತಾರೀಖು ತೋರಿಸುತ್ತದೆ. ಪಾಸಾದ ಸೆಟ್ಟಿಂಗ್, ವೋಲ್ಟೇಜ್, ಪರೀಕ್ಷೆ ಮಾಡಿದ ತಾರೀಖು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲ ಒಳಮೈಗೆ ಅಂಟಿಸಿ. ಮುಂದೆ ರಿಪೇರಿಗೆ ತೆರೆಯುವವರ ಕಣ್ಣಿಗೆ ಅದೇ ಮೊದಲು ಬೀಳಲಿ.