ಡೋಂಟ್ ಸ್ಟಾರ್ವ್ ಆಟದಲ್ಲಿ ಒಲೆ ಹೂಡುವ ಲೆಕ್ಕ

ಕ್ಲೈ ಎಂಟರ್‌ಟೇನ್‌ಮೆಂಟ್ ಸಂಸ್ಥೆ 2013ರಲ್ಲಿ ಹೊರತಂದ, ಕಾಡಿನಲ್ಲಿ ಬದುಕುಳಿಯುವ ವಿಡಿಯೊ ಆಟ ಡೋಂಟ್ ಸ್ಟಾರ್ವ್ ಅನ್ನು ಹೊಸದಾಗಿ ಹಿಡಿದವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಸಿಕ್ಕಿದ್ದನ್ನೆಲ್ಲ ಹಸಿಯಾಗಿಯೇ ತಿನ್ನುತ್ತಾ ಚಳಿಗಾಲದವರೆಗೆ ತೆವಳುತ್ತಾರೆ. ಇನ್ನು ಕೆಲವರು ಸಿಕ್ಕಿದ್ದನ್ನೆಲ್ಲ ಬೇಯಿಸಲು ಹೊರಟು, ಬೇಯಿಸಿದ್ದರಿಂದ ಏನೂ ಲಾಭವಾಗಲಿಲ್ಲ ಎಂಬುದನ್ನು ಗಮನಿಸುವುದೇ ಇಲ್ಲ. ಅಡುಗೆಯ ಶ್ರಮ ಸಾರ್ಥಕವೇ ಎಂಬ ಪ್ರಶ್ನೆಗೆ ಈ ಆಟದಲ್ಲಿ ಉತ್ತರ ಹೌದು. ಆದರೆ ಯಾವ ಪದಾರ್ಥವನ್ನು ಎಲ್ಲಿ ಬೇಯಿಸುತ್ತೀರಿ ಎಂಬುದರ ಮೇಲೆ ಆ ಉತ್ತರ ನಿಂತಿದೆ.

ಮೊದಲು ಹೊಟ್ಟೆಯ ಲೆಕ್ಕವನ್ನು ನೋಡೋಣ. ಆಟದ ಮುಖ್ಯ ಪಾತ್ರ ವಿಲ್ಸನ್‌ನ ಹೊಟ್ಟೆ 150 ಅಂಕಗಳದ್ದು, ಎಂಟು ನಿಮಿಷಗಳ ಆಟದ ಒಂದು ದಿನಕ್ಕೆ ಅದರಲ್ಲಿ 75 ಅಂಕ ಕರಗುತ್ತದೆ. ಎಂದರೆ ಏನನ್ನೂ ತಿನ್ನದೆ ಎರಡು ದಿನ ತಳ್ಳಬಹುದು. ಆಮೇಲೆ ಆರೋಗ್ಯ ಇಳಿಯತೊಡಗಿದರೆ ತುಂಬಿದ 150 ಅಂಕವೂ ಸುಮಾರು ಎರಡೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ದಿನಕ್ಕೆ 75 ಅಂಕ ಸಂಪಾದಿಸುವುದು ಇಲ್ಲಿನ ದಿನಗೂಲಿ ಎಂದುಕೊಳ್ಳಿ.

ಬೆಂಕಿಯ ಮೇಲೆ ನೇರವಾಗಿ ಸುಡುವುದು ಅಡುಗೆಯ ಮೊದಲ ಬಗೆ. ಇದಕ್ಕೆ ಬೇರೆ ಖರ್ಚಿಲ್ಲ, ಏಕೆಂದರೆ ರಾತ್ರಿ ಕತ್ತಲಲ್ಲಿ ಸಾಯದಿರಲು ಹೇಗೂ ಬೆಂಕಿಯ ಪಕ್ಕದಲ್ಲೇ ಕೂರಬೇಕು. ಆದರೂ ಲಾಭ ಎಲ್ಲಕ್ಕೂ ಒಂದೇ ರೀತಿಯಲ್ಲ. ಕ್ಯಾರೆಟ್ ಹಸಿಯಾಗಿದ್ದರೂ ಸುಟ್ಟರೂ 12.5 ಅಂಕವನ್ನೇ ಕೊಡುತ್ತದೆ. ಆರೋಗ್ಯ ಮಾತ್ರ 1ರಿಂದ 3ಕ್ಕೆ ಏರುತ್ತದೆ. ಬೆರ್ರಿ ಹಸಿಯಾಗಿದ್ದಾಗ 9.375, ಸುಟ್ಟಾಗ 12.5, ಆದರೆ ಆರು ದಿನ ಇರುತ್ತಿದ್ದ ಹಣ್ಣು ಸುಟ್ಟ ಮೇಲೆ ಮೂರೇ ದಿನಕ್ಕೆ ಕೊಳೆಯುತ್ತದೆ. ಹಾಗಾಗಿ ಬೆರ್ರಿಯನ್ನು ಬಾಯಿಗೆ ಹಾಕುವ ಹೊತ್ತಿಗೆ ಸುಡಬೇಕೇ ಹೊರತು, ಬುತ್ತಿ ಕಟ್ಟುವ ಉತ್ಸಾಹದಲ್ಲಿ ಇಪ್ಪತ್ತು ಹಣ್ಣುಗಳನ್ನು ಒಟ್ಟಿಗೆ ಸುಡಬಾರದು. ನಾನು ಮೊದಲ ಚಳಿಗಾಲಕ್ಕೆ ಹೀಗೆಯೇ ತಯಾರಾಗಿದ್ದೆ. ಹಿಮ ಬೀಳುವ ಹೊತ್ತಿಗೆ ಚೀಲದಲ್ಲಿ ಉಳಿದದ್ದು ಗೊಬ್ಬರ ಮಾತ್ರ.

ಸುಡಲೇಬೇಕಾದವು ಬೇರೆ ಇವೆ. ಮೊಲದಿಂದಲೋ ಹಕ್ಕಿಯಿಂದಲೋ ಸಿಗುವ ಸಣ್ಣ ಮಾಂಸದ ತುಂಡು, ಆಟದ ಮಾತಿನಲ್ಲಿ ಮಾರ್ಸೆಲ್, ಹಸಿಯಾಗಿ ತಿಂದರೆ ಸ್ಯಾನಿಟಿಯಿಂದ, ಎಂದರೆ ಬುದ್ಧಿಯ ಸ್ವಾಸ್ಥ್ಯವನ್ನು ಅಳೆಯುವ ಲೆಕ್ಕದಿಂದ, 10 ಅಂಕ ಕಳೆಯುತ್ತದೆ. ಸುಟ್ಟರೆ ಆ ನಷ್ಟವೇ ಇಲ್ಲ. ಹಸಿರು ಅಣಬೆಯ ಕಥೆ ಇನ್ನೂ ವಿಚಿತ್ರ: ಹಸಿಯಾಗಿ ತಿಂದವನ ಬುದ್ಧಿಯನ್ನು 50 ಅಂಕದಷ್ಟು ಕೆಡಿಸುವ ಅದೇ ಅಣಬೆ ಸುಟ್ಟ ಮೇಲೆ 15 ಅಂಕ ಮರಳಿ ಕೊಡುತ್ತದೆ. ಹೊಟ್ಟೆಗೆ ಆಗ ಅದು ಏನನ್ನೂ ಕೊಡುವುದಿಲ್ಲ, ಆದ್ದರಿಂದ ಅದನ್ನು ಊಟವೆಂದಲ್ಲ, ಮದ್ದೆಂದೇ ಎಣಿಸಬೇಕು.

ಎರಡನೆಯ ಬಗೆ ಕ್ರಾಕ್‌ಪಾಟ್ ಎಂಬ ಅಡುಗೆ ಪಾತ್ರೆ, ನಿಜವಾದ ಶ್ರಮ ಕೇಳುವುದು ಇದೇ. ಹೊಸ ವಸ್ತುಗಳ ತಯಾರಿಕೆಯನ್ನು ಕಲಿಸುವ ಸೈನ್ಸ್ ಮೆಷಿನ್ ಯಂತ್ರವನ್ನು ಕಟ್ಟಿದ ಮೇಲೆ ಮೂರು ಕೆತ್ತಿದ ಕಲ್ಲು, ಆರು ಇದ್ದಿಲು, ಆರು ಕಡ್ಡಿ ಒದಗಿಸಿದರೆ ಇದು ಸಿದ್ಧವಾಗುತ್ತದೆ. ಕೆತ್ತಿದ ಕಲ್ಲೊಂದಕ್ಕೆ ಮೂರು ಕಲ್ಲುಗಳಂತೆ ಒಟ್ಟು ಒಂಬತ್ತು ಕಲ್ಲು ಬೇಕು. ಇದ್ದಿಲಿಗಾಗಿ ನೆಲೆಯಿಂದ ದೂರದಲ್ಲಿರುವ ಒಂದು ಪುಟ್ಟ ಮರಗುಂಪಿಗೆ ಪಂಜಿನಿಂದ ಬೆಂಕಿ ಹಚ್ಚಿ, ಸುಟ್ಟ ಬುಡಗಳನ್ನು ಕಡಿಯಿರಿ. ಹತ್ತು ಮರಗಳಿದ್ದರೆ ಧಾರಾಳ. ಗುಂಪಿನ ಸುತ್ತ ಬಯಲಿರಬೇಕು, ಇಲ್ಲವಾದರೆ ನಿಮ್ಮ ಹುಲ್ಲು, ಪೊದೆಗಳೂ ಬೂದಿಯಾದಾವು. ಇಷ್ಟೆಲ್ಲ ಮಾಡುವುದು ಒಂದೇ ಸಲ: ಆಮೇಲೆ ಈ ಪಾತ್ರೆ ಸೌದೆ ಕೇಳುವುದಿಲ್ಲ, ಸವೆಯುವುದೂ ಇಲ್ಲ. ನಾಲ್ಕು ಪದಾರ್ಥಗಳನ್ನು ತುಂಬಿ ಮುಚ್ಚಿದರೆ ಅದರ ಪಾಡಿಗೆ ಅದು ಬೇಯಿಸುತ್ತದೆ.

ಎಲ್ಲರೂ ಮೊದಲು ಕಲಿಯುವ ಅಡುಗೆ ಮೀಟ್‌ಬಾಲ್ಸ್: ಒಂದು ಮಾಂಸ, ಮೂರು ತಿನ್ನಬಹುದಾದ ಪೂರಕ ಪದಾರ್ಥಗಳು, ಫಲ 62.5 ಅಂಕ. ಇಲ್ಲಿಯೇ ಲೆಕ್ಕ ತಪ್ಪುವುದು. ದೊಡ್ಡ ಮಾಂಸದ ತುಂಡೊಂದನ್ನೂ ಮೂರು ಬೆರ್ರಿಗಳನ್ನೂ ಹಾಕಿದಿರಿ ಎನ್ನಿ. ಅವನ್ನೇ ಬೆಂಕಿಯ ಮೇಲೆ ಸುಟ್ಟಿದ್ದರೆ 25 ಮತ್ತು 37.5, ಕೂಡಿದರೆ ಅದೇ 62.5. ಹೊಟ್ಟೆಯ ಮಟ್ಟಿಗೆ ನೀವು ಗಳಿಸಿದ್ದು ಸೊನ್ನೆ. ಅದೇ ಜಾಗದಲ್ಲಿ ಮಾರ್ಸೆಲ್ ಹಾಕಿದ್ದರೆ 50 ಅಂಕದ ಸಾಮಗ್ರಿ 62.5 ಆಗುತ್ತಿತ್ತು. ಮಾರ್ಸೆಲ್ ಜೊತೆಗೆ ಬೆರ್ರಿಯ ಬದಲು ಮೂರು ಮಂಜುಗಡ್ಡೆ ಹಾಕಿದರಂತೂ ಇಪ್ಪತ್ತು ಅಂಕವೂ ಬಾಳದ ಸಾಮಗ್ರಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಬೆರ್ರಿ ಪೊದೆಗಳು ನಿಂತುಹೋಗುವ ಚಳಿಗಾಲದಲ್ಲಿ, ಆಟದ ರೇನ್ ಆಫ್ ಜೈಂಟ್ಸ್ ವಿಸ್ತರಣೆಯಲ್ಲೂ ಹಲವರು ಕೂಡಿ ಆಡುವ ಡೋಂಟ್ ಸ್ಟಾರ್ವ್ ಟುಗೆದರ್‌ನಲ್ಲೂ, ಗುದ್ದಲಿಯಿಂದ ಒಡೆದು ತಂದ ಮಂಜುಗಡ್ಡೆಯೇ ಅನ್ನ. ಕಡ್ಡಿಯನ್ನು ಮಾತ್ರ ಮೀಟ್‌ಬಾಲ್ಸ್‌ಗೆ ತುಂಬಲು ಹೋಗಬೇಡಿ. ಅದು ತಿನ್ನುವ ವಸ್ತುವಲ್ಲ.

ಕ್ರಾಕ್‌ಪಾಟಿನ ಶ್ರಮವನ್ನು ನಿಜವಾಗಿ ತೀರಿಸುವುದು ಮಾನ್‌ಸ್ಟರ್ ಮೀಟ್. ಜೇಡಗಳಿಂದಲೂ ಹೌಂಡ್ ಎಂಬ ಬೇಟೆನಾಯಿಗಳಿಂದಲೂ ರಾಶಿಯಾಗಿ ಬೀಳುವ ಈ ಮಾಂಸವನ್ನು ಹಸಿಯಾಗಿ ತಿಂದರೆ ಆರೋಗ್ಯದಲ್ಲಿ 20, ಸ್ಯಾನಿಟಿಯಲ್ಲಿ 15 ಹೋಗುತ್ತದೆ. ಸುಟ್ಟರೂ 3 ಮತ್ತು 10 ಹೋಗುತ್ತದೆ. ಪಾತ್ರೆಯಲ್ಲಿ ಒಂದೇ ಒಂದು ತುಂಡು ಇದ್ದರೆ ಆ ವಿಷವೆಲ್ಲ ಮಾಯವಾಗಿ, ಮೀಟ್‌ಬಾಲ್ಸ್ ತಿಂದವರಿಗೆ ಆರೋಗ್ಯ 3, ಸ್ಯಾನಿಟಿ 5 ಕೂಡುತ್ತದೆ. ಕಸದಿಂದ ರಸ ಎನ್ನುವುದಕ್ಕೆ ಆಟದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. ಆದರೆ ಎರಡು ತುಂಡು ಹಾಕಿದರೆ ಮಾನ್‌ಸ್ಟರ್ ಲಸಾನಿಯ ಆಗಿ, ಆರೋಗ್ಯ ಮತ್ತು ಸ್ಯಾನಿಟಿ ಎರಡರಿಂದಲೂ 20 ಕಿತ್ತುಕೊಳ್ಳುತ್ತದೆ. ಹಾಗಾದರೆ ದೊಡ್ಡ ಮಾಂಸವನ್ನು ಏನು ಮಾಡುವುದು? ಎರಡು ದೊಡ್ಡ ಮಾಂಸ, ಒಂದು ಮಾನ್‌ಸ್ಟರ್ ಮೀಟ್, ಒಂದು ಬೆರ್ರಿ ಸೇರಿದರೆ 150 ಅಂಕದ ಮೀಟಿ ಸ್ಟ್ಯೂ ಬರುತ್ತದೆ. ಅದೇ ಸಾಮಗ್ರಿಯನ್ನು ಬಿಡಿಯಾಗಿ ಸುಟ್ಟರೆ ಸಿಗುವುದು 81 ಚಿಲ್ಲರೆ. ಹೊಟ್ಟೆ ಪೂರ್ತಿ ಖಾಲಿಯಾಗುವವರೆಗೆ ಕಾದು ಉಣ್ಣಿ, ಏಕೆಂದರೆ ವಿಲ್ಸನ್‌ಗೆ 150ರ ಮೇಲೆ ಹಿಡಿಯುವುದಿಲ್ಲ.

ಪಾತ್ರೆಗೆ ಇನ್ನೊಂದು ಗುಣವಿದೆ. ಅರ್ಧ ಹಾಳಾದ ಪದಾರ್ಥಗಳನ್ನು ಹಾಕಿದರೂ ಅವುಗಳ ಹಳಸಿನ ಅರ್ಧ ಪಾಲನ್ನು ಮಾತ್ರ ಹೊಸ ಅಡುಗೆಯ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಆದ್ದರಿಂದ ಹಳೆಯದನ್ನು ಪಾತ್ರೆಗೆ, ಹೊಸದನ್ನು ಚೀಲಕ್ಕೆ ಹಾಕುವುದು ಒಳ್ಳೆಯದು. ಮೀಟ್‌ಬಾಲ್ಸ್ ಹತ್ತು ದಿನ ಕೆಡುವುದಿಲ್ಲ. ದೂರದ ಪ್ರಯಾಣಕ್ಕೆ ಬುತ್ತಿ ಬೇಕಾದರೆ ಅದನ್ನೇ ಕಟ್ಟಿಕೊಳ್ಳಿ.

ಆರೋಗ್ಯಕ್ಕಾಗಿ ಬೇಯಿಸುವುದಾದರೆ ಪಿರೋಗಿ ಕಲಿಯಿರಿ. ಒಂದು ಮೊಟ್ಟೆ, ಒಂದು ಮಾಂಸ, ಒಂದು ತರಕಾರಿ, ಕಡ್ಡಿಯಲ್ಲದ ಇನ್ನೊಂದು ಪೂರಕ ಸೇರಿದರೆ ಆರೋಗ್ಯಕ್ಕೆ 40 ಅಂಕ ಸಿಗುತ್ತದೆ, ಇಪ್ಪತ್ತು ದಿನ ಇಟ್ಟುಕೊಳ್ಳಬಹುದು. ಮೊಟ್ಟೆಗೆ ಅಲೆಯಬೇಕಿಲ್ಲ: ಪಂಜರದ ಹಕ್ಕಿಗೆ ಸುಟ್ಟ ಮಾನ್‌ಸ್ಟರ್ ಮೀಟ್ ಕೊಟ್ಟರೆ ಅದು ಮೊಟ್ಟೆಯನ್ನೇ ಮರಳಿಸುತ್ತದೆ. ಹಸಿಯದನ್ನು ಅದು ಮುಟ್ಟುವುದಿಲ್ಲ.

ಈ ಲೆಕ್ಕವೆಲ್ಲ ವಿಲ್ಸನ್‌ನಂಥ ಸಾಧಾರಣ ಪಾತ್ರಗಳಿಗೆ. ವೆಬರ್ ಆಗಿ ಆಡುವವರಿಗೆ ಮಾನ್‌ಸ್ಟರ್ ಮೀಟಿನಿಂದ ಹಾನಿಯೇ ಇಲ್ಲದ ಕಾರಣ ಅವರು ಪಾತ್ರೆಯನ್ನು ಹಲವು ದಿನ ಮುಂದೂಡಿ ಆ ಕಲ್ಲುಗಳನ್ನು ಬೇರೆ ಕೆಲಸಕ್ಕೆ ಬಳಸಬಹುದು. ಟುಗೆದರ್‌ನ ವಾರ್ಲಿ ಪಾತ್ರೆಯಲ್ಲಿ ಬೇಯಿಸಿದ್ದನ್ನಲ್ಲದೆ ಬೇರೇನನ್ನೂ ಮುಟ್ಟದ ಅಡುಗೆಭಟ್ಟ. ಹೊತ್ತೊಯ್ಯಬಹುದಾದ ಕ್ರಾಕ್‌ಪಾಟನ್ನು ಜೊತೆಯಲ್ಲಿಟ್ಟುಕೊಂಡೇ ಕಾಡಿಗೆ ಬರುವ ಅವನ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.