ಹತ್ತಿರ ಬರ್ತಿದೆಯಾ, ಬಲಿಯುತ್ತಿದೆಯಾ? ಬೆರಿಲ್ ಹರಿಕೇನ್ ಅಳೆದ ನನ್ನ ನಾಲ್ಕು ಡಬ್ಬಿಗಳು

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಳಿಯುತ್ತಿದೆ ಅಂದರೆ ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಹತ್ತಿರ ಬರುತ್ತಿರಬಹುದು, ಇಲ್ಲವೇ ಬಲಿಯುತ್ತಿರಬಹುದು. ಯಾವುದು ಅಂತ ಒಂದೇ ಬ್ಯಾರೋಮೀಟರ್ ಇಟ್ಟುಕೊಂಡು ಹೇಳಲಾಗುವುದಿಲ್ಲ. ಬೇರೆ ಬೇರೆ ದೂರದಲ್ಲಿ ನಾಲ್ಕು ಇಟ್ಟರೆ ಹೇಳಬಹುದು ಅಂತ ಹ್ಯೂಸ್ಟನ್‌ನ ಹವಾಮಾನದ ಹುಚ್ಚಿರುವ ಗೆಳೆಯರಿಗೆ ವರ್ಷಗಳಿಂದ ಹೇಳುತ್ತಿದ್ದೆ. "ಹವಾಮಾನ ಇಲಾಖೆಯವರ ಹತ್ರ ವಿಮಾನ ಇದೆ, ಸೂಪರ್ ಕಂಪ್ಯೂಟರ್ ಇದೆ, ನಿನ್ನ ಹತ್ತು ಡಾಲರ್ ಸೆನ್ಸರ್ ಏನು ಕಿಸಿಯುತ್ತೆ" ಅಂತ ಮೂಗು ಮುರಿದವರೇ ಜಾಸ್ತಿ. 2024ರ ಜುಲೈ 8ರ ನಸುಕಿನಲ್ಲಿ ಬೆರಿಲ್ ಟೆಕ್ಸಸ್ ತೀರದ ಮ್ಯಾಟಗೋರ್ಡಾ ಹತ್ತಿರ ದಡ ಹತ್ತಿತು. ಆ ರಾತ್ರಿ ನನ್ನ ಲೆಕ್ಕ ಸರಿಯಾಗಿ ಕೂತಿತು.

ಬೋರ್ಡ್, ಕೋಡ್, ಸೋಲ್ಡರಿಂಗ್ ವಿಷಯ ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಿಗೆ ಅದೆಲ್ಲ ಗೊತ್ತಿರುತ್ತದೆ. ಏನೇನು ಕೈಕೊಟ್ಟಿತು, ದುಡ್ಡು ಎಲ್ಲಿ ಸೋರಿತು ಅನ್ನುವುದನ್ನು ಹೇಳುತ್ತೇನೆ.

2017ರ ಹಾರ್ವೆ ಹರಿಕೇನ್ ಬಂದಾಗ ನನ್ನ ಹತ್ತಿರ ಇದ್ದದ್ದು ಫೋನಿನೊಳಗಿನ ಬ್ಯಾರೋಮೀಟರ್ ಮಾತ್ರ. ಹಾರ್ವೆ ಎರಡು ಮೂರು ದಿನದೊಳಗೆ ಡಿಪ್ರೆಶನ್‌ನಿಂದ (ದುರ್ಬಲ ವಾಯುಭಾರ ಕುಸಿತ) ಕೆಟಗರಿ 4ಕ್ಕೆ (ಐದು ಹಂತಗಳಲ್ಲಿ ನಾಲ್ಕನೆಯದು) ಏರಿ ಟೆಕ್ಸಸ್ ತೀರದ ರಾಕ್‌ಪೋರ್ಟ್ ಕಡೆ ನುಗ್ಗಿತು. ಶುಗರ್‌ಲ್ಯಾಂಡ್‌ನಲ್ಲಿ (ಹ್ಯೂಸ್ಟನ್ ಪಕ್ಕದ ಊರು) ಕೂತ ನನಗೆ ಆ ಏರಿಕೆಯ ಸುಳಿವೂ ಸಿಗಲಿಲ್ಲ. ಅದರ ಕೇಂದ್ರ ಬಹಳ ದೂರ. ಮೇಲಾಗಿ ಫೋನನ್ನು ಮಹಡಿಗೆ ಒಯ್ದರೆ ಸಾಕು, ಅಂಕಿ ಬದಲಾಗುತ್ತಿತ್ತು. ಎಂಟು ಮೀಟರ್ ಎತ್ತರಕ್ಕೆ ಸುಮಾರು ಒಂದು ಮಿಲಿಬಾರ್ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ, ಅಲ್ವಾ.

2021ರ ಸೆಪ್ಟೆಂಬರ್‌ನಲ್ಲಿ ನಿಕೊಲಸ್ ಹರಿಕೇನ್ ಬರುವ ಹೊತ್ತಿಗೆ ಗೆಳೆಯರ ಮನೆಗಳಲ್ಲಿ ಒತ್ತಡದ ಸೆನ್ಸರ್ ಕೂರಿಸಿದ ಡಬ್ಬಿ ಇಟ್ಟಾಗಿತ್ತು. ಎಲ್ಲವೂ ಮನೆಯ ವೈಫೈ ಮೇಲೆ. ಕೇಂದ್ರ ದಡಕ್ಕೆ ಬಂದದ್ದು ಮಧ್ಯರಾತ್ರಿ ದಾಟಿದ ಮೇಲೆ, ಆ ಹೊತ್ತಿಗೇ ಕರೆಂಟ್ ಹೋಯಿತು. ಕರೆಂಟ್ ಜೊತೆ ರೌಟರ್, ರೌಟರ್ ಜೊತೆ ಡೇಟಾ. ಮುಖ್ಯವಾದ ಗಂಟೆಗಳಲ್ಲೇ ಗ್ರಾಫ್ ಖಾಲಿ. ಸುಮಾರು 250 ಡಾಲರ್ ನೀರಿಗೆ ಹಾಕಿದಂತಾಯಿತು. "ನಾವು ಹೇಳಿರಲಿಲ್ವಾ" ಅನ್ನುವವರ ಫೋನ್‌ಗೆ ಅವತ್ತು ಬಿಡುವಿರಲಿಲ್ಲ.

ಆಮೇಲೆ ವೈಫೈ ಬಿಟ್ಟೆ. ಪ್ರತಿ ಡಬ್ಬಿಗೆ ಒಂದು ಸೆಲ್ಯುಲರ್ ಬೋರ್ಡ್, ಒಂದು ಪ್ರೀಪೇಯ್ಡ್ ಸಿಮ್. ಹತ್ತು ನಿಮಿಷಕ್ಕೊಮ್ಮೆ ಬರೀ ಒತ್ತಡದ ಅಂಕಿ ಎಸ್‌ಎಂಎಸ್ ಆಗಿ ಬರುತ್ತದೆ. ಡೇಟಾ ಒದ್ದಾಡುವ ಕಡೆಯೂ ಎಸ್‌ಎಂಎಸ್ ಹೇಗೋ ನುಸುಳಿಕೊಂಡು ಬರುತ್ತದೆ. ಜೊತೆಗೆ ಎಸ್‌ಡಿ ಕಾರ್ಡಿನಲ್ಲಿ ಒಂದು ಪ್ರತಿ. ಒಂದು ಡಬ್ಬಿಯನ್ನು ಅಟ್ಟದಲ್ಲಿಟ್ಟಿದ್ದೆ, ಟೆಕ್ಸಸ್ ಬೇಸಿಗೆಗೆ ಬ್ಯಾಟರಿ ಊದಿಕೊಂಡು ಮುಚ್ಚಳವನ್ನೇ ಎತ್ತಿತ್ತು. ಈಗ ಎಲ್ಲವೂ ಗ್ಯಾರೇಜಿನಲ್ಲಿ, ನೆಲದಿಂದ ಎದೆಮಟ್ಟಕ್ಕೆ. ಇನ್ನೊಂದು ಸಲ ಬಿಎಂಇ 280 ಸೆನ್ಸರ್ ಅಂತ ತರಿಸಿದ್ದು ಬಿಎಂಪಿ 280 ಆಗಿತ್ತು. ಒತ್ತಡ ಓದುತ್ತದೆ, ತೇವಾಂಶ ಓದುವುದೇ ಇಲ್ಲ. ವಾಪಸ್ ಕಳಿಸುವ ಖರ್ಚೇ ಜಾಸ್ತಿ ಅಂತ ಸುಮ್ನೆ ಬಳಸಿಬಿಟ್ಟೆ. ಹಾಳಾದದ್ದೆಲ್ಲ ಸೇರಿ ಒಟ್ಟು 600 ಡಾಲರ್ ಆಸುಪಾಸು ಹೋಗಿರಬೇಕು. ಈಗ ಶುರು ಮಾಡುವವರಿಗೆ ಡಬ್ಬಿಗೆ 70ರೊಳಗೆ ಆಗುತ್ತದೆ.

ಇಡುವ ಮೊದಲು ನಾಲ್ಕನ್ನೂ ಒಂದೇ ಮೇಜಿನ ಮೇಲೆ ವಾರಗಟ್ಟಲೆ ಓಡಿಸಿ. ಈ ಸೆನ್ಸರ್‌ಗಳು ಒಂದಕ್ಕೊಂದು ಒಂದು ಮಿಲಿಬಾರ್ ಆಚೀಚೆ ಇರುವುದು ಮಾಮೂಲಿ. ಆ ವ್ಯತ್ಯಾಸ ಬರೆದಿಟ್ಟುಕೊಂಡು ಶುಗರ್‌ಲ್ಯಾಂಡ್ ವಿಮಾನ ನಿಲ್ದಾಣದ ಅಂಕಿಗೆ ಹೊಂದಿಸಿದೆ. ಒತ್ತಡ ದಿನಕ್ಕೆರಡು ಸಲ ತಾನಾಗಿಯೇ ಏರಿಳಿಯುತ್ತದಲ್ಲ, ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಮೇಲೆ, ನಸುಕಿನ ಮತ್ತು ಸಂಜೆಯ ನಾಲ್ಕರ ಹೊತ್ತಿಗೆ ಕೆಳಗೆ, ಅದನ್ನೂ ಕಳೆಯಬೇಕು. ಕಳೆಯದಿದ್ದರೆ ಬೆಳಗಿನ ಜಾವ ಎಲ್ಲ ಹರಿಕೇನ್‌ಗಳೂ ಬಲಿಯುತ್ತಿರುವಂತೆ ಕಾಣುತ್ತವೆ. ಬಿರುಗಾಳಿ ಹೊಡೆದಾಗ ಅಂಕಿ ಕುಣಿಯದ ಹಾಗೆ ಡಬ್ಬಿಗೊಂದು ನಳಿಗೆ ಕೂರಿಸಿದ್ದೇನೆ. ಅದರ ಆಕಾರ, ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ. ಅದಕ್ಕೆ ನಾನು ಪಟ್ಟ ಪಾಡು ಬಹಳ.

ಮಧ್ಯೆ ಇನ್ನೊಂದು ಪ್ರಯೋಗ. ಊರಿಗೆ ಹೋದಾಗ ಕುಂದಾಪುರದ ಮನೆಯಲ್ಲೂ ಒಂದು ಡಬ್ಬಿ ಇಟ್ಟು ಬಂದಿದ್ದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹಾದುಹೋಯಿತು. ಇಳಿತ ನಾಲ್ಕೈದು ಮಿಲಿಬಾರ್ ಇರಬಹುದು, ಆದರೆ ಗ್ರಾಫ್ ಎಷ್ಟು ನಯವಾಗಿತ್ತೆಂದರೆ ಇವತ್ತಿಗೂ ತೆಗೆದು ನೋಡುತ್ತೇನೆ. ಚಂಡಮಾರುತ ಪಕ್ಕದಲ್ಲಿ ಹಾದುಹೋದರೆ ಗೆರೆ ಬಟ್ಟಲಿನಂತೆ ಬಾಗುತ್ತದೆ, ನೆತ್ತಿಯ ಮೇಲೇ ಬಂದರೆ ಚೂಪಾಗಿ ಕೆಳಗಿಳಿಯುತ್ತದೆ. ಬೆರಿಲ್ ಗ್ರಾಫ್ ಓದೋಕೆ ಇದು ಬಹಳ ಉಪಯೋಗಕ್ಕೆ ಬಂತು.

ಬೆರಿಲ್ ಕಥೆ ನಿಮಗೆ ಗೊತ್ತು. ಜುಲೈ ಶುರುವಿನಲ್ಲೇ ಕೆಟಗರಿ 5, ಅಷ್ಟು ಬೇಗ ಆ ಮಟ್ಟ ಮುಟ್ಟಿದ್ದು ಅಟ್ಲಾಂಟಿಕ್ ದಾಖಲೆಯಲ್ಲೇ ಮೊದಲು. ಮೆಕ್ಸಿಕೋದ ಯುಕಟಾನ್ ದಾಟುವಷ್ಟರಲ್ಲಿ ಸೊರಗಿ ಟ್ರಾಪಿಕಲ್ ಸ್ಟಾರ್ಮ್ (ಹರಿಕೇನ್‌ಗಿಂತ ಕೆಳಗಿನ ಹಂತ) ಆಗಿತ್ತು. ಒಣಗಾಳಿ ಒಳಗೆ ನುಗ್ಗಿದೆ, ಇನ್ನೇನೂ ಆಗಲ್ಲ ಅಂತ ನಮ್ಮವರಲ್ಲಿ ಅರ್ಧ ಜನ ಮಲಗಿದರು. ಜುಲೈ 7ರ ರಾತ್ರಿ ಅದು ಮತ್ತೆ ಹರಿಕೇನ್ ಆಯಿತು.

ನನ್ನ ಡಬ್ಬಿಗಳು ದಕ್ಷಿಣದಿಂದ ಉತ್ತರಕ್ಕೆ ಬೇ ಸಿಟಿ, ರೋಸನ್‌ಬರ್ಗ್, ಶುಗರ್‌ಲ್ಯಾಂಡ್, ಕೇಟಿ. ಕೇಂದ್ರ ಎಲ್ಲಿದೆ ಅನ್ನುವುದನ್ನು ರೇಡಾರ್ ಮತ್ತು ಹರಿಕೇನ್ ಒಳಗೆ ಹಾರುವ ವಿಮಾನದವರು ಗುರುತಿಸಿದ ಸ್ಥಾನದಿಂದ ತೆಗೆದುಕೊಂಡೆ. ಮಧ್ಯರಾತ್ರಿಯ ಹೊತ್ತಿಗೆ ಬೇ ಸಿಟಿ ಡಬ್ಬಿ ಕೇಂದ್ರದಿಂದ ಸುಮಾರು 60 ಮೈಲಿ ದೂರದಲ್ಲಿತ್ತು. ಆಗ ಅದು ಹೇಳಿದ್ದು 1002 ಮಿಲಿಬಾರ್ ಆಸುಪಾಸು. ನಾಲ್ಕು ಗಂಟೆಗೆ, ಕೇಂದ್ರ ದಡ ಹತ್ತುವಾಗ, ರೋಸನ್‌ಬರ್ಗ್ ಅಷ್ಟೇ ದೂರದಲ್ಲಿ. ಎತ್ತರ, ದಿನದ ಏರಿಳಿತ ಎಲ್ಲ ಕಳೆದ ಮೇಲೆ 999. ದೂರ ಅದೇ, ಒತ್ತಡ ಮೂರು ಮಿಲಿಬಾರ್ ಕಡಿಮೆ. ಅಂದರೆ ದಡ ಮುಟ್ಟುವವರೆಗೂ ಅದು ಬಲಿಯುತ್ತಲೇ ಇತ್ತು. ಎರಡು ಗಂಟೆಯ ಹೊತ್ತಿಗೇ ಬೇರೆ ಜೋಡಿ ಅಂಕಿಗಳಿಂದ ಅದೇ ಉತ್ತರ ಬಂದಿತ್ತು. ಗೆಳೆಯರ ಗುಂಪಿನಲ್ಲಿ ಹಾಕಿದೆ. ಯಾರೂ ನಂಬಲಿಲ್ಲ. ಅಧಿಕೃತ ಅಂಕಿ ಬಂದಾಗ ಕೇಂದ್ರದ ಒತ್ತಡವೂ 980ರ ಹತ್ತಿರಕ್ಕೆ ಇಳಿದಿತ್ತು.

ನಂತರ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಡಬ್ಬಿಗಳು ನಿಲ್ಲಲಿಲ್ಲ. ಬೇ ಸಿಟಿಯಲ್ಲಿ ಒತ್ತಡ ತಳ ಮುಟ್ಟಿದ ಸಮಯ, ರೋಸನ್‌ಬರ್ಗ್‌ನಲ್ಲಿ ತಳ ಮುಟ್ಟಿದ ಸಮಯ, ಇವೆರಡರಿಂದ ವೇಗ ಸಿಕ್ಕಿತು. ಕೇಟಿಗೆ ಯಾವಾಗ ಅಂತ ನಾನು ಹೇಳಿದ್ದಕ್ಕೂ ಅಲ್ಲಿ ಆದದ್ದಕ್ಕೂ ಕಾಲು ಗಂಟೆ ವ್ಯತ್ಯಾಸ. ಶುಗರ್‌ಲ್ಯಾಂಡ್‌ನ ನಮ್ಮ ಕನ್ನಡದ ಗೆಳೆಯನೊಬ್ಬ ಗಾಳಿ ತುಸು ತಗ್ಗಿದ್ದನ್ನು ನೋಡಿ ಜನರೇಟರ್ ಹೊರಗೆ ಎಳೆಯಲು ಹೊರಟಿದ್ದ. "ತಡಿ, ಕೇಂದ್ರ ನಿನ್ನ ಪಶ್ಚಿಮಕ್ಕಿದೆ, ಈಗ ದಕ್ಷಿಣದಿಂದ ಹೊಡೆಯುತ್ತೆ" ಅಂತ ಮೆಸೇಜ್ ಹಾಕಿದೆ. ಅವನು ನಿಂತ. ಅರ್ಧ ಗಂಟೆಯೊಳಗೆ ಅವನ ದಕ್ಷಿಣದ ಬೇಲಿ ಪೂರ್ತಿ ಹಿತ್ತಿಲಿಗೆ ಬಿತ್ತು, ಅವನು ಜನರೇಟರ್ ಇಡಬೇಕೆಂದಿದ್ದ ಜಾಗದಲ್ಲೇ. ಮೊದಲು ಮೂಗು ಮುರಿದವರಲ್ಲಿ ಅವನೂ ಒಬ್ಬ. ಈಗ ಅವನ ಗ್ಯಾರೇಜಿನಲ್ಲೂ ಒಂದು ಡಬ್ಬಿ ಇದೆ, ದುಡ್ಡು ಅವನದೇ.

ಈ ಜಾಲಕ್ಕೆ ತೀರದ ಅಂಚಿನಲ್ಲಿ ಇನ್ನೊಂದು ಡಬ್ಬಿ ಬೇಕು. ಅಲ್ಲೊಂದಿದ್ದರೆ ಬಲಿಯುವುದು ಇನ್ನೂ ಎರಡು ಮೂರು ಗಂಟೆ ಮೊದಲೇ ಗೊತ್ತಾಗುತ್ತದೆ. ಪಲಾಸಿಯೋಸ್ ಅಥವಾ ಫ್ರೀಪೋರ್ಟ್ ಕಡೆ ಗೊತ್ತಿರುವ ಮನೆ ಇದ್ದರೆ ಹೇಳಿ. ಡಬ್ಬಿ, ಸಿಮ್ ನನ್ನದು, ಗೋಡೆ ನಿಮ್ಮದು.