ಹಳೇ ಮನೆ ಕೆಡವುವ ಮುಂಚೆ: ಕಲಬುರಗಿ ಬಿಸಿಲಲ್ಲಿ ನೆಟ್ ಜೀರೋ ಮನೆ ಹೇಗೆ?

ಶಹಾಬಜಾರ್, ಬ್ರಹ್ಮಪುರದ ಗಲ್ಲಿಗಳಲ್ಲಿ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ನಡೆದೇ ಇದೆ. ಮೊದಲ ಬೇಸಿಗೆಯಲ್ಲೇ ಪಾಡು ಗೊತ್ತಾಗುತ್ತದೆ. ರಾತ್ರಿ 10 ಗಂಟೆಗೂ ಸ್ಲ್ಯಾಬ್ ಕಾವು ಬಿಡುತ್ತಿರುತ್ತದೆ. ಫ್ಯಾನ್ ಹಾಕಿದರೆ ಬಿಸಿಗಾಳಿ. ಆಮೇಲೆ ಕೂಲರ್, ಅದೂ ಸಾಲದೆ ಎಸಿ.

ನೆಟ್ ಜೀರೋ ಮನೆ ಅಂದರೆ ವರ್ಷಕ್ಕೆ ತಾನು ಬಳಸುವಷ್ಟು ಕರೆಂಟನ್ನು ತಾನೇ ಮಾಡಿಕೊಳ್ಳುವ ಮನೆ. ಎಲ್ಲರೂ ಮೊದಲು ಸೋಲಾರ್ ಪ್ಯಾನೆಲ್ ಬಗ್ಗೆಯೇ ಕೇಳುತ್ತಾರೆ. ನನ್ನ ಮಾತು ಕೇಳಿ, ಅದು ಕೊನೆಗಿರಲಿ. ಮೊದಲು ಬಿಸಿಲನ್ನು ಹೊರಗೆ ನಿಲ್ಲಿಸಿ. ಆಗ ಕಡಿಮೆ ಪ್ಯಾನೆಲ್ ಸಾಕು, ಖರ್ಚೂ ಇಳಿಯುತ್ತದೆ.

ಕೆಡವುವ ಮುಂಚೆ

ಹಳೇ ಗೋಡೆ ಗಟ್ಟಿ ಇದೆಯಾ ಎಂದು ಎಂಜಿನಿಯರ್‌ಗೆ ತೋರಿಸಿ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ದಾಟಿ ಬಿಸಿ ಒಳಗೆ ಬರಲು ಗಂಟೆಗಟ್ಟಲೆ ಬೇಕು. ಗಟ್ಟಿ ಇದ್ದರೆ ಉಳಿಸಿಕೊಳ್ಳಿ. ಕೆಡವಲೇಬೇಕಾದರೂ ಕಲ್ಲು, ಬಾಗಿಲು, ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿ ಕಲ್ಲು ಜೋಪಾನವಾಗಿ ತೆಗೆಸಿಡಿ. ವಾಡಿ, ಸೇಡಂ ಕಡೆ ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು 1,400 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಉರುವಲಿನಿಂದಷ್ಟೇ ಅಲ್ಲ, ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ಒಂದೊಂದು ಚೀಲ ಉಳಿಸಿದರೂ ಲೆಕ್ಕಕ್ಕೆ ಬರುತ್ತದೆ.

ಗೋಡೆ, ಗಾಳಿ

ಹೊಸ ಗೋಡೆಗೆ ಇಟ್ಟಂಗಿಯನ್ನು ಮಲಗಿಸದೆ ಅಡ್ಡ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಪದ್ಧತಿ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬೆಳೆಸಿದರು. ಸುಮಾರು ಕಾಲುಭಾಗ ಇಟ್ಟಂಗಿ ಉಳಿಯುತ್ತದೆ, ಪೊಳ್ಳಿನಲ್ಲಿರುವ ಗಾಳಿ ಬಿಸಿಯನ್ನು ತಡೆಯುತ್ತದೆ. ಗೌಂಡಿಗೆ ಹೊಸದಾದರೆ ಜೊತೆಗೆ ನಿಂತು ಮೊದಲ ಎರಡು ಸಾಲು ಕಟ್ಟಿಸಿ. ಸಂಜೆ ಬಿಸಿಲು ಬಡಿಯುವ ಪಶ್ಚಿಮದ ಕಡೆ ಮಲಗುವ ಕೋಣೆ ಬದಲು ಮೆಟ್ಟಿಲು, ಬಚ್ಚಲು ಬರಲಿ. ನಡುವೆ ಅಂಗಳ ಇದ್ದರೆ ಜಾಗದ ಆಸೆಗೆ ದಯವಿಟ್ಟು ಮುಚ್ಚಬೇಡಿ. ಬೇಸಿಗೆಯಲ್ಲಿ ರಾತ್ರಿ ಕಿಟಕಿ, ಬೆಳಕಿಂಡಿ ತೆರೆದು, ಬೆಳಿಗ್ಗೆ 8ರ ಹೊತ್ತಿಗೆ ಮುಚ್ಚಿ.

ಮಾಳಿಗೆ

ಗಲ್ಲಿ ಮನೆಗೆ ಅಕ್ಕಪಕ್ಕದ ಗೋಡೆಗಳೇ ನೆರಳು. ಬಿಸಿಲೆಲ್ಲ ಬೀಳುವುದು ತಲೆಯ ಮೇಲೆ. ಅದಕ್ಕೇ ಹೆಚ್ಚಿನ ಗಮನ ಇಲ್ಲಿರಲಿ.

ಒಂದು ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆಯ ಅರ್ಧಕ್ಕೆ ಮಾತ್ರ ಸುಣ್ಣ ಬಳಿದು ನೋಡಿದೆ. ಮಧ್ಯಾಹ್ನ 2 ಗಂಟೆಗೆ ಬಿಳಿ ಕಡೆ ಬರಿಗಾಲಲ್ಲಿ ನಿಂತೆ, ಕಾಲು ತಡೆಯಿತು. ಗೆರೆ ದಾಟಿ ಬರೀ ಸಿಮೆಂಟಿನ ಮೇಲೆ ಹೆಜ್ಜೆ ಇಟ್ಟವನು ಹಾಗೇ ಹಿಂದಕ್ಕೆ ಎಳೆದುಕೊಂಡೆ. ರಾತ್ರಿ ಸ್ಟೂಲ್ ಹತ್ತಿ ಸ್ಲ್ಯಾಬಿನ ತಳಕ್ಕೆ ಅಂಗೈ ಹಚ್ಚಿದೆ. ಎರಡು ಕಡೆಯ ವ್ಯತ್ಯಾಸ ಅಲ್ಲೂ ಗೊತ್ತಾಯಿತು. ಮರುದಿನವೇ ಉಳಿದರ್ಧಕ್ಕೂ ಬಳಿದೆ.

ಸುಣ್ಣವನ್ನು ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿ. ಮೊದಲು ಮಾಳಿಗೆಯ ಧೂಳು ತೊಳೆಯಿರಿ. ಬಿಸಿಲು ಇಳಿದ ಮೇಲೆ ಎರಡು ಮೂರು ಕೈ ಬಳಿಯಿರಿ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ಬೇಸಿಗೆಗೂ ಮುಂಚೆ ಮತ್ತೆ ಬಳಿಯಬೇಕು. ಹೊಸ ಸ್ಲ್ಯಾಬ್ ಆದರೆ ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಿ, ಅದು ವರ್ಷಗಟ್ಟಲೆ ಇರುತ್ತದೆ.

ಫ್ಯಾನ್ ಲೆಕ್ಕ

ಮಾಮೂಲಿ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಬಳಸುವ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ 4.5 ಯೂನಿಟ್ ಬದಲು 1.8. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತದಲ್ವಾ ಅನ್ನಬಹುದು. ಬಿಲ್ ಸೊನ್ನೆಯಾದರೂ ಮನೆ ಕರೆಂಟ್ ಬಳಸುವುದು ನಿಲ್ಲುವುದಿಲ್ಲ. ಅದರಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಸುಟ್ಟು ಬಂದದ್ದು.

ಈಗ ಪ್ಯಾನೆಲ್

1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ದಿನಕ್ಕೆ 6 ಯೂನಿಟ್ ಸಾಕಾಗುವ ಮನೆಗೆ 2 ಕಿಲೋವ್ಯಾಟ್ ಧಾರಾಳ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ನೀರಿನ ಟ್ಯಾಂಕಿನ ನೆರಳು ಬೀಳದಿರಲಿ. ಧೂಳು ಕೂತರೆ ಬೆಳಿಗ್ಗೆ ತಂಪು ಹೊತ್ತಲ್ಲಿ ತೊಳೆಯಿರಿ.

ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನ ನೆಟ್ ಮೀಟರ್ ಎರಡು ಲೆಕ್ಕ ತೋರಿಸುತ್ತದೆ: ನೀವು ತೆಗೆದುಕೊಂಡ ಯೂನಿಟ್, ನೀವು ಕೊಟ್ಟ ಯೂನಿಟ್. ಪ್ರತಿ ತಿಂಗಳು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏಪ್ರಿಲ್, ಮೇನಲ್ಲಿ ತೆಗೆದುಕೊಂಡದ್ದು ಜಾಸ್ತಿ ಕಂಡರೆ ಗಾಬರಿ ಬೇಡ. 12 ತಿಂಗಳು ಕೂಡಿಸಿದಾಗ ಕೊಟ್ಟದ್ದು ತೆಗೆದುಕೊಂಡಷ್ಟೇ ಇದ್ದರೆ, ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ನಿಮ್ಮದು ನೆಟ್ ಜೀರೋ ಮನೆ.